ತೂತುಕುಡಿಯ ಕೊಡೆ, ಬೋರ್ಡಿನ ಮೇಲಿನ ರಿಬೇಟ್ ಲೆಕ್ಕ

ಕಾಮರ್ಸ್ ವಿದ್ಯಾರ್ಥಿಗಳಿಗೆ ಹಡಗು ಸಾಗಾಟದ ಪಾಠವನ್ನು ನಾನು ತೂತುಕುಡಿಯಿಂದಲೇ ಶುರುಮಾಡುತ್ತೇನೆ. 1906ರಲ್ಲಿ ವಿ. ಓ. ಚಿದಂಬರಂ ಪಿಳ್ಳೈ ಅಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದರು. ಕೊಲಂಬೊ ದಾರಿಯಲ್ಲಿ ಅದುವರೆಗೆ ಬ್ರಿಟಿಷ್ ಇಂಡಿಯಾ ಎಂಬ ಇಂಗ್ಲಿಷರ ಹಡಗು ಕಂಪನಿಯದ್ದೇ ದರ್ಬಾರು. ಅವರು ಟಿಕೆಟ್ಟನ್ನು ಒಂದು ರೂಪಾಯಿಗೆ ಇಳಿಸಿದರು. ಇವರು ಎಂಟಾಣೆ ಅಂದರು. ಅವರು ಪುಕ್ಕಟೆ ಪ್ರಯಾಣ, ಮೇಲೊಂದು ಕೊಡೆ ಅಂದರು! 1908ರ ಮಾರ್ಚ್‌ನಲ್ಲಿ ಪಿಳ್ಳೈ ಅವರ ಬಂಧನವಾಯಿತು. ಕಂಪನಿ ಹೆಚ್ಚು ಕಾಲ ಬಾಳಲಿಲ್ಲ.

ಕೊಡೆ ಅಂದ ಕೂಡಲೇ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಆದರೆ ನನಗೆ ಅದಕ್ಕಿಂತ ಮುಖ್ಯವಾದದ್ದು ಡೆಫರ್ಡ್ ರಿಬೇಟ್, ಅಂದರೆ ಕಟ್ಟಿದ ಬಾಡಿಗೆಯಲ್ಲಿ ಒಂದು ಪಾಲನ್ನು ತಡವಾಗಿ ವಾಪಸ್ ಕೊಡುವುದು. 1877ರಲ್ಲಿ ಕಲ್ಕತ್ತಾ ವ್ಯಾಪಾರದಲ್ಲಿ ಶುರುವಾದ ಪದ್ಧತಿ ಇದು. ಸದ್ದಿಲ್ಲದೆ ಕೆಲಸ ಮಾಡುವ ಅಸ್ತ್ರ. ಬಾಯಿಮಾತಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಹಾಗಾಗಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತೇನೆ.

ನೀವು ಜವಳಿ ಸಾಹುಕಾರರು, ತಿಂಗಳಿಗೆ 1,000 ರೂಪಾಯಿ ಹಡಗು ಬಾಡಿಗೆ ಕಟ್ಟುತ್ತೀರಿ ಅಂದುಕೊಳ್ಳಿ. ನೂರಕ್ಕೆ ಹತ್ತು ವಾಪಸ್. ಆರು ತಿಂಗಳಿಗೆ 600 ರೂಪಾಯಿ ಆಯಿತು. ಆದರೆ ಕೈಗೆ ಬರುವುದು ಇನ್ನೂ ಆರು ತಿಂಗಳಾದ ಮೇಲೆ, ಅದೂ ಅಷ್ಟೂ ದಿನ ಬ್ರಿಟಿಷ್ ಕಂಪನಿಗಳ ಕೂಟದ ಹಡಗಿಗೇ ಸರಕು ಹಾಕಿದ್ದರೆ ಮಾತ್ರ. ಅಷ್ಟರಲ್ಲಿ ಹೊಸ 600 ಸೇರಿರುತ್ತದೆ. ಈಗ ದೇಶಿ ಹಡಗೊಂದು ಬಂತು, ಏನು ಮಾಡುತ್ತೀರಿ? "ಸುಮ್ನೆ ಒಂದೆರಡು ಮೂಟೆ ಹಾಕಿ ನೋಡೋಣ ಸರ್" ಅಂತ ಯಾರಾದರೂ ಹೇಳುತ್ತಾರೆ. ಆಗ 1,200ರ ಮೇಲೆ ಗೀಟು ಎಳೆಯುತ್ತೇನೆ. ಒಂದೇ ಮೂಟೆ ಹಾಕಿದರೂ ಅಷ್ಟೂ ಹೋಯಿತು. ದೇಶಪ್ರೇಮ ಎಷ್ಟೇ ಇರಲಿ, ವ್ಯಾಪಾರಿಗೆ ಇದು ಸಣ್ಣ ಮಾತಲ್ಲ, ಅಲ್ವಾ?

ಇಷ್ಟು ಅರ್ಥವಾದ ಮೇಲೆ ಸಿಂಧಿಯಾ ಎಂಬ ದೇಶಿ ಹಡಗು ಕಂಪನಿಯ ಕಷ್ಟ ತಾನಾಗಿಯೇ ತಿಳಿಯುತ್ತದೆ. 1919ರ ಏಪ್ರಿಲ್ 5ರಂದು ಅವರ ಲಾಯಲ್ಟಿ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಬ್ರಿಟಿಷ್ ಕಂಪನಿಗಳು ದರ ಇಳಿಸಿ ಹಿಂಡಿದವು. ಸಿಂಧಿಯಾ ಮಣಿಯಲಿಲ್ಲ. ಕೊನೆಗೆ 1923ರಲ್ಲಿ ಒಪ್ಪಂದವಾಯಿತು. ಸಿಂಧಿಯಾಕ್ಕೆ ಕರಾವಳಿ ಸಾಗಾಟದಲ್ಲಿ ಜಾಗ ಸಿಕ್ಕಿತು, ಬೆಳೆಯಲು ಮಿತಿಯೂ ಬಿತ್ತು. ಎದುರಾಳಿಯನ್ನು ಮುಗಿಸಲಾಗದಿದ್ದರೆ ಕಟ್ಟಿಹಾಕಿ ಒಳಗೆ ಸೇರಿಸಿಕೊಳ್ಳುವುದು, ನನ್ನ ಪ್ರಕಾರ ಆ ಕಂಪನಿಗಳ ಅತಿ ಜಾಣ ನಡೆ.

1928ರಲ್ಲಿ ಕೇಂದ್ರ ಶಾಸನಸಭೆಯ ಸದಸ್ಯ ಎಸ್. ಎನ್. ಹಾಜಿ ಕರಾವಳಿ ಸಾಗಾಟವನ್ನು ದೇಶಿ ಹಡಗುಗಳಿಗೇ ಮೀಸಲಿಡುವ ಮಸೂದೆ ತಂದರು. ಅದು ಕಾಯ್ದೆಯಾಗಲಿಲ್ಲ. 1935ರ ಭಾರತ ಸರ್ಕಾರ ಕಾಯ್ದೆಯಲ್ಲಂತೂ ಬ್ರಿಟನ್ನಿನ ಹಡಗುಗಳಿಗೆ ಭೇದ ಮಾಡಬಾರದು ಎಂಬ ಕಲಮೇ ಸೇರಿತು. ನಾಳೆ ಅಧಿಕಾರ ಯಾರ ಕೈಗೆ ಹೋದರೂ ತಮ್ಮ ವ್ಯಾಪಾರಕ್ಕೆ ತೊಂದರೆಯಾಗದಂತೆ ಮೊದಲೇ ಬೇಲಿ. ಮೀಸಲು ಕರಾವಳಿ ನಮ್ಮ ಹಡಗುಗಳಿಗೆ ದಕ್ಕಿದ್ದು ಸ್ವಾತಂತ್ರ್ಯದ ನಂತರವೇ.