ಸ್ಪ್ರಿಂಗ್ ಏರ್‌ಸಾಫ್ಟ್ ರೈಫಲ್‌ನ ದಮ್ಮು ಮರಳಿದ್ದು ಹೀಗೆ

ಕಲಬುರಗಿಯ ಮೇ ಬಿಸಿಲಲ್ಲಿ ಅಳಿಯನ ಏರ್‌ಸಾಫ್ಟ್ ರೈಫಲ್, ಅಂದರೆ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು, ಸುಮ್ನೆ ಪುಸ್ ಅನ್ನತೊಡಗಿತು. 6 ಮಿ.ಮೀ. ಗುಂಡು ಐದು ಹೆಜ್ಜೆ ದೂರದಲ್ಲೇ ಬೀಳುತ್ತಿತ್ತು.

"ಮಾಮಾ, ಗ್ಯಾಸ್ ತುಂಬಿಸಬೇಕೇನ್ರಿ?" ಎಂದ.

ಇದರಲ್ಲಿ ಗ್ಯಾಸೇ ಇಲ್ಲ. ಗ್ಯಾಸ್ ಬ್ಲೋಬ್ಯಾಕ್ ಗನ್‌ನಲ್ಲಿ ಗ್ಯಾಸೇ ಗುಂಡನ್ನೂ ತಳ್ಳಿ, ಬೋಲ್ಟನ್ನೂ (ನಳಿಗೆಯ ಹಿಂದೆ ಹಿಂದೆ-ಮುಂದೆ ಸರಿಯುವ ಭಾಗ) ಹಿಂದಕ್ಕೆ ಒಯ್ಯುತ್ತದೆ. ಇದರಲ್ಲಿ ಪ್ರತಿ ಸಲ ಕೈಯಿಂದಲೇ ಎಳೆಯಬೇಕು. ಸ್ಪ್ರಿಂಗ್ ಪಿಸ್ಟನ್ ದೂಡುತ್ತದೆ, ಪಿಸ್ಟನ್ ಗಾಳಿ ಒತ್ತುತ್ತದೆ. ಅಂದರೆ ತಪ್ಪು ಗಾಳಿ ಸೋರುವಲ್ಲೇ ಇರಬೇಕು, ಅಲ್ವಾ?

ಮ್ಯಾಗಜೀನ್ ತೆಗೆದು, ನಳಿಗೆ ಖಾಲಿ ಎಂದು ಖಾತ್ರಿ ಮಾಡಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಬಿಚ್ಚಿದೆ. ಸ್ಪ್ರಿಂಗ್ ಹಾರೀತು, ಜೋಪಾನ. ಸಿಲಿಂಡರ್ ಬಾಯಿಗೆ ಬೆರಳಿಟ್ಟು ಪಿಸ್ಟನ್ ಒತ್ತಿದೆ. ಸೈಕಲ್ ಪಂಪ್‌ನಂತೆ ತಡೆಯಬೇಕಿತ್ತು, ಸಲೀಸಾಗಿ ಹೋಯಿತು. ಪಿಸ್ಟನ್ ತಲೆಯ ರಬ್ಬರ್ ರಿಂಗ್ ಒಣಗಿ, ಒಂದು ಕಡೆ ಕೂದಲೆಳೆಯಷ್ಟು ಸೀಳಿತ್ತು.

ಹಳೇ ರಿಂಗ್ ತೋರಿಸಿ ಅದೇ ಅಳತೆಯದು ತಂದೆ. ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿದೆ. ಹೊಲಿಗೆ ಮಷಿನ್ ಎಣ್ಣೆ ಬೇಡವೇ ಬೇಡ. ಪೆಟ್ರೋಲಿಯಂ ಎಣ್ಣೆಗೆ ಕೆಲವು ರಬ್ಬರ್ ಉಬ್ಬಿ ಕೆಡುತ್ತವೆ. ಈ ಸಲ ಬೆರಳಿಗೆ ಗಾಳಿ ಗಟ್ಟಿಯಾಗಿ ತಾಗಿತು. ಸಂಜೆ ಮಾಳಿಗೆಯಲ್ಲಿ ರಟ್ಟಿನ ಡಬ್ಬಿಗೆ ಗುಂಡು ಟಪ್ಪೆಂದು ಬಡಿಯಿತು.