ನಿಂತ ಕಾರಿನಲ್ಲಿ ಎಸಿ: ಬಿಸಿಲುನಾಡಿನ ಚಾಲಕನ ಮಾತು

ಕಲಬುರಗಿಯಿಂದ ಗಾಣಗಾಪುರಕ್ಕೆ ಬಾಡಿಗೆ ಹೋದರೆ ಮಧ್ಯಾಹ್ನ ಕಾರು ನಿಲ್ಲಿಸಿಕೊಂಡು ಕಾಯುವುದು ಇದ್ದದ್ದೇ. ಸಂಗಮದ ಸ್ನಾನ, ದತ್ತನ ದರ್ಶನ, ಮಧುಕರಿ ಭಿಕ್ಷೆ ಮುಗಿಸಿ ಮಂದಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಹೊಸದೇನಲ್ಲ. ಮೊಣಕಾಲು ನೋವಿನ ಅಜ್ಜಿ ‘ತಮ್ಮಾ, ನಾನು ಇಲ್ಲೇ ಕೂಡುತ್ತೇನೆ’ ಎಂದರೆ ಎಂಜಿನ್ ಆರಿಸುವಂತಿಲ್ಲ. ನಾನೊಬ್ಬನೇ ಇದ್ದರೆ ಬೇವಿನ ನೆರಳೇ ಸಾಕು, ಡೀಸೆಲ್ ಸುಡುವುದಿಲ್ಲ.

ಓಡುವಾಗ ತಣ್ಣಗಿದ್ದ ಎಸಿ ನಿಂತ ಕೂಡಲೇ ಸಪ್ಪೆಯಾಗುವುದೇಕೆ? ಎಸಿಯ ಅನಿಲವನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ನಿಂತಾಗ ಎಂಜಿನ್ ನಿಮಿಷಕ್ಕೆ 800ರ ಆಸುಪಾಸು ಸುತ್ತು, ಕಂಪ್ರೆಸರೂ ನಿಧಾನ. ಅದಕ್ಕಿಂತ ದೊಡ್ಡ ತೊಡಕು ಗಾಳಿಯದು. ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆ. ಓಡುವಾಗ ಎದುರುಗಾಳಿ ತಾನಾಗಿ ಬಡಿಯುತ್ತದೆ. ನಿಂತಾಗ ಫ್ಯಾನೇ ಎಳೆದುಕೊಳ್ಳಬೇಕು. ಆದ್ದರಿಂದ ಗೋಡೆಗೋ ಬಸ್ಸಿನ ಬೆನ್ನಿಗೋ ಮೂತಿ ಒತ್ತಿ ನಿಲ್ಲಿಸಬೇಡಿ. ನೆರಳು ಹುಡುಕಿ, ಮುಂದೆ ನಾಲ್ಕಾರು ಅಡಿ ಜಾಗ ಬಿಡಿ. ಒಣಹುಲ್ಲಿನ ಮೇಲಂತೂ ಬೇಡವೇ ಬೇಡ. ಸೈಲೆನ್ಸರ್ ಪೈಪಿನ ಕಾವಿಗೆ ಹೊತ್ತಿಕೊಳ್ಳಬಹುದು.

ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಗಿ. ಕಾರು ಕಾದಿದ್ದರೆ ಮೊದಲು ಗಾಜುಗಳನ್ನೆಲ್ಲ ಇಳಿಸಿ ಒಳಗಿನ ಝಳ ಹೊರಗೆ ಹೋಗಲು ಬಿಡಿ. ಆಮೇಲೆ ಗಾಜು ಏರಿಸಿ, ಒಳಗಿನ ಗಾಳಿಯೇ ಸುತ್ತುವ ಗುಂಡಿ ಒತ್ತಿ. ಒಳಗಿನ ಗಾಳಿಯ ವೇಗ ಎರಡರಲ್ಲಿದ್ದರೆ ಸಾಕು. ನಾಲ್ಕಕ್ಕೆ ತಿರುಗಿಸಿದರೆ ಸದ್ದು ಹೆಚ್ಚು, ಬರುವ ಗಾಳಿ ಅಷ್ಟು ತಣ್ಣಗಿರುವುದಿಲ್ಲ. ಮಂದಿ ಹೆಚ್ಚಿದ್ದರೆ ಆಗಾಗ ಗಾಜು ಇಳಿಸಿ ಹೊಸ ಗಾಳಿ ಬಿಡಿ, ಇಲ್ಲದಿದ್ದರೆ ತಲೆ ಭಾರವಾಗಿ ತೂಕಡಿಕೆ ಹತ್ತುತ್ತದೆ.

ಎಸಿ ಒತ್ತಿದ ಮೇಲೆ ಬಾನೆಟ್ಟಿನ ಕಡೆ ಕಿವಿಗೊಡಿ. ‘ಟಕ್’ ಎಂದು ಕಂಪ್ರೆಸರ್ ಕಚ್ಚಿಕೊಳ್ಳುತ್ತದೆ, ಹಿಂದೆಯೇ ಫ್ಯಾನ್ ಭರ್ರೆನ್ನುತ್ತದೆ. ಫ್ಯಾನ್ ತಿರುಗದಿದ್ದರೆ ಎಸಿ ಆರಿಸಿ. ಅದು ಮೆಕ್ಯಾನಿಕ್ ನೋಡಬೇಕಾದ ಕೆಲಸ. ಬಿಸಿಯ ಮೀಟರಿನ ಮುಳ್ಳು ನಡುವಿನಿಂದ ಮೇಲೇರತೊಡಗಿದರೂ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ಈ ಸೆಕೆಯಲ್ಲಿ ಹೀಟರೇ ಎಂದು ನಗುತ್ತಾರೆ, ಆದರೆ ಎಂಜಿನ್ನಿನ ಬಿಸಿ ಆ ದಾರಿಯಲ್ಲೂ ಹೊರಗೆ ಬರುತ್ತದೆ. ಮುಳ್ಳು ಇಳಿಯದೆ ಕೆಂಪಿನ ಕಡೆ ಹೊರಟರೆ ಎಂಜಿನ್ನನ್ನೇ ಆರಿಸಿ. ಎಂಜಿನ್ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ಬೆರಳಿಗೆ ಹಚ್ಚಿ ನೋಡಿ: ಬಣ್ಣ, ವಾಸನೆ ಇಲ್ಲದಿದ್ದರೆ ಅದು ಎಸಿಯ ನೀರು. ಹಸಿರೋ ಕೆಂಪೋ ಇದ್ದು ಜಿಗುಟಾಗಿದ್ದರೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಸೋರುತ್ತಿದೆ.

ಶಟರ್ ಎಳೆದ ಗ್ಯಾರೇಜಿನಲ್ಲಿ, ತಗಡಿನ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬಯಲಿನಲ್ಲೂ ಎಸಿ ಹಾಕಿ ನಿದ್ದೆ ಹೋಗುವ ಚಾಲಕರನ್ನು ಕಂಡರೆ ನಾನು ಗಾಜು ಬಡಿದು ಎಬ್ಬಿಸುತ್ತೇನೆ, ಬೈದರೂ ಸರಿ. ಅಜ್ಜಿಯನ್ನಾಗಲಿ ಮಕ್ಕಳನ್ನಾಗಲಿ ಚಾಲೂ ಕಾರಿನಲ್ಲಿ ಬಿಟ್ಟು ಚಹಾಕ್ಕೂ ಹೋಗುವುದಿಲ್ಲ.

ನಿಂತಲ್ಲೇ ಎಸಿ ಹಾಕಿದರೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಡೀಸೆಲ್ ಹೋಗುತ್ತದೆ. ಬಾಡಿಗೆ ಮಾತಾಡುವಾಗಲೇ ಅದನ್ನು ಸೇರಿಸಿ ಹೇಳಿಬಿಡುತ್ತೇನೆ. ದರ್ಶನ ಮುಗಿಸಿ ಬಂದವರ ಜೊತೆ ಚೌಕಾಸಿ ಮಾಡುವುದು ನನ್ನಿಂದಾಗದು.