ಮಗುವಿನ ನೆತ್ತಿ: ಮುಟ್ಟಿ ನೋಡುವುದು ಹೇಗೆ, ಕೂಡುವುದು ಯಾವಾಗ?

ನನ್ನ ಮಗಳು ಹುಟ್ಟಿ ಹನ್ನೆರಡು ದಿನ ಆಗಿತ್ತು. ಉಡುಪಿಯಲ್ಲಿ ಅಮ್ಮನ ಮನೆ, ಬಚ್ಚಲಲ್ಲಿ ಹಂಡೆಯ ನೀರು ಕಾಯುತ್ತಿತ್ತು. ಮಗುವನ್ನು ಮೀಯಿಸಲು ಬರುತ್ತಿದ್ದ ಅಕ್ಕ ಕಾಲು ಚಾಚಿ ಕೂತು, ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು, ಅಂಗೈಗೆ ತೆಂಗಿನೆಣ್ಣೆ ಹಾಕಿಕೊಂಡು ನೇರ ನೆತ್ತಿಗೇ ಕೈ ಇಟ್ಟರು. ನಾನು ಬಾಗಿಲಲ್ಲೇ ನಿಂತು "ಅಯ್ಯೋ, ಅಲ್ಲಿ ಮುಟ್ಟಬೇಡಿ" ಎಂದೆ. ಅವರು ಕೈ ತೆಗೆಯಲಿಲ್ಲ. "ಇಲ್ಲಿ ಬನ್ನಿ ಮಾರಾಯ್ರೆ, ನಿಮ್ಮ ಕೈ ಕೊಡಿ" ಎಂದು ನನ್ನ ಎರಡು ಬೆರಳು ಹಿಡಿದು ನೆತ್ತಿಯ ಮೇಲಿಟ್ಟರು. ಬೆಚ್ಚಗೆ, ಮೆತ್ತಗೆ, ಒಳಗಿಂದ ಏನೋ ಸಣ್ಣಗೆ ಬಡಿಯುತ್ತಿತ್ತು.

ಅಷ್ಟು ದಿನ ನಾನು ಆ ಜಾಗ ಬಿಟ್ಟು ಸುತ್ತ ಮಾತ್ರ ಒರೆಸುತ್ತಿದ್ದೆ. ಅಲ್ಲೇ ಹಳದಿ ಹೊಟ್ಟು ಕಟ್ಟಿತ್ತು. ಹೆದರಿಕೆಯಿಂದ ಹೀಗೆ ಮಾಡುವ ತಾಯಂದಿರು ತುಂಬಾ ಜನ ಇದ್ದಾರೆ, ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನೆತ್ತಿ ಮುಟ್ಟಬಾರದ ಜಾಗ ಅಲ್ಲ. ದಿನಾ ಮುಟ್ಟಿ ಗುರುತು ಮಾಡಿಕೊಳ್ಳಬೇಕಾದ ಜಾಗ.

ಅಲ್ಲಿ ಎಲುಬು ಯಾಕಿಲ್ಲ?

ಹುಟ್ಟುವಾಗ ಮಗುವಿನ ತಲೆಬುರುಡೆ ಒಂದೇ ಎಲುಬಲ್ಲ, ಬೇರೆ ಬೇರೆ ತುಂಡುಗಳು. ಹೆರಿಗೆ ದಾರಿಯಲ್ಲಿ ಬರುವಾಗ ಈ ತುಂಡುಗಳು ಒಂದರ ಮೇಲೊಂದು ಸ್ವಲ್ಪ ಸರಿಯುತ್ತವೆ, ಹಾಗಾಗಿ ತಲೆ ಹೊರಗೆ ಬರುತ್ತದೆ. ಹುಟ್ಟಿದ ಮಗುವಿನ ತಲೆ ಉದ್ದುದ್ದ ಕಾಣುವುದೂ ಇದೇ ಕಾರಣಕ್ಕೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಸರಿಯಾಗುತ್ತದೆ. ಒತ್ತಿ ಒತ್ತಿ ತಲೆ ಉರುಟು ಮಾಡುತ್ತೇನೆ ಎಂದು ಯಾರು ಬಂದರೂ, ಅತ್ತೆಯೇ ಆಗಲಿ ಅಜ್ಜಿಯೇ ಆಗಲಿ, ಬೇಡ ಎನ್ನಿ.

ಇನ್ನೊಂದು ಕಾರಣ ಮಿದುಳು. ಹುಟ್ಟುವಾಗ ತಲೆಯ ಸುತ್ತಳತೆ ಸುಮಾರು 34-35 ಸೆಂಟಿಮೀಟರ್, ವರ್ಷ ತುಂಬುವಾಗ ಸುಮಾರು 46. ಅಷ್ಟು ಬೆಳೆಯಲು ಜಾಗ ಬೇಡವಾ? ಎಲುಬುಗಳ ನಡುವಿನ ಸಂದುಗಳು ಅದಕ್ಕೆ ದಾರಿ ಬಿಡುತ್ತವೆ. ಸಂದುಗಳು ಸೇರುವ ಮೂಲೆಯಲ್ಲಿ ಮೆತ್ತನೆ ಜಾಗ ಉಳಿಯುತ್ತದೆ. ಇಂಥವು ಒಟ್ಟು ಆರು. ಹಣೆಯ ಎರಡು ಪಕ್ಕದಲ್ಲಿ, ಕಿವಿಯ ಹಿಂದೆ ಇರುವ ನಾಲ್ಕು ನಮ್ಮ ಬೆರಳಿಗೆ ಸುಲಭಕ್ಕೆ ಸಿಗುವುದಿಲ್ಲ. ಸಿಗುವುದು ಎರಡು: ಮುಂದಿನ ನೆತ್ತಿ ಮತ್ತು ಹಿಂದಿನ ನೆತ್ತಿ. ಅಲ್ಲಿ ಬರೀ ಚರ್ಮ ಅಲ್ಲ, ಅದರ ಕೆಳಗೆ ಗಟ್ಟಿಯಾದ ಪೊರೆ ಇದೆ. ಎಣ್ಣೆ ಹಚ್ಚಿದರೆ, ತಲೆ ತೊಳೆದರೆ, ಮೃದುವಾಗಿ ಬಾಚಿದರೆ ಏನೂ ಆಗುವುದಿಲ್ಲ.

ಹೀಗೆ ನೋಡಿ

ಮಗು ಅಳದೆ ಸುಮ್ನೆ ಇರುವ ಹೊತ್ತು ಆರಿಸಿಕೊಳ್ಳಿ, ಹಾಲು ಕುಡಿದು ಸ್ವಲ್ಪ ಹೊತ್ತಾದ ಮೇಲೆ ಒಳ್ಳೆಯದು. ಕೈ ತೊಳೆಯಿರಿ, ಉಗುರು ಕತ್ತರಿಸಿರಲಿ. ಮಗುವನ್ನು ಎದೆಗೆ ಒರಗಿಸಿ, ತಲೆ ಮೇಲೆ ಬರುವಂತೆ ನೆಟ್ಟಗೆ ಎತ್ತಿಕೊಳ್ಳಿ. ಇದು ಮುಖ್ಯ, ಯಾಕೆಂದರೆ ಮಲಗಿದ್ದಾಗ ಅಥವಾ ಅಳುವಾಗ ನೆತ್ತಿ ಉಬ್ಬಿದ ಹಾಗೆ ಕಾಣುತ್ತದೆ, ಅದನ್ನು ನೋಡಿ ಸುಮ್ನೆ ಗಾಬರಿಯಾಗುತ್ತದೆ.

ಈಗ ತೋರುಬೆರಳು, ನಡುಬೆರಳಿನ ಮೆತ್ತನೆ ಭಾಗವನ್ನು ಹಣೆಯ ನಡುವಿನಿಂದ ಮೇಲಕ್ಕೆ, ಹಿಂದಕ್ಕೆ ಜಾರಿಸಿ. ಕೂದಲು ಶುರುವಾದ ಸ್ವಲ್ಪ ಹಿಂದೆ ಗಟ್ಟಿ ಎಲುಬು ನಿಂತು ಮೆತ್ತಗಿನ ಜಾಗ ಸಿಗುತ್ತದೆ. ಗಾಳಿಪಟದಂತೆ ನಾಲ್ಕು ಮೂಲೆ. ಹುಟ್ಟುವಾಗ ಅಗಲ ಸರಾಸರಿ 2 ಸೆಂಟಿಮೀಟರ್, ಅಂದರೆ ಒಂದು ಎರಡು ಬೆರಳು. ಆದರೆ ಇದರಲ್ಲಿ ಮಗುವಿನಿಂದ ಮಗುವಿಗೆ ತುಂಬಾ ವ್ಯತ್ಯಾಸ ಇರುತ್ತದೆ. ಪಕ್ಕದ ಮನೆಯ ಮಗುವಿನ ನೆತ್ತಿ ಜೊತೆ ಹೋಲಿಸಬೇಡಿ. ಇನ್ನೂ ಹಿಂದಕ್ಕೆ, ತಲೆ ಹಿಂಬದಿಗೆ ತಿರುಗುವ ಕಡೆ, ಬೆರಳ ತುದಿಯಷ್ಟೇ ಇರುವ ಸಣ್ಣ ಮುಕ್ಕೋನ ಹಿಂದಿನ ನೆತ್ತಿ. ಸಿಗದಿದ್ದರೆ ಹುಡುಕಿ ಒತ್ತಬೇಡಿ. ಹುಟ್ಟುವಾಗಲೇ ಅದು ಬಹುತೇಕ ಕೂಡಿರುವ ಮಕ್ಕಳೂ ಇದ್ದಾರೆ.

ಸರಿಯಾಗಿರುವ ನೆತ್ತಿ ಎಲುಬಿನ ಮಟ್ಟಕ್ಕೆ ಸಮ ಇರುತ್ತದೆ, ಇಲ್ಲವೇ ಒಂದು ಚೂರು ಒಳಗೆ. ನಾಡಿಯಂತೆ ಬಡಿಯುವುದು ಕಾಣಬಹುದು, ಅದು ರಕ್ತದ ಓಟ. ಒಂದು ವಾರ ಎಣ್ಣೆ ಹಚ್ಚುವಾಗ ಗಮನ ಇಟ್ಟರೆ ಸಾಕು, ನಿಮ್ಮ ಮಗುವಿನ ನೆತ್ತಿ ಹೇಗಿರುತ್ತದೆ ಎಂದು ಕೈಗೇ ಗೊತ್ತಾಗುತ್ತದೆ. ಆಮೇಲೆ ಏರುಪೇರಾದ ದಿನ ಮೊದಲು ಗೊತ್ತಾಗುವುದು ನಿಮಗೇ.

ಯಾವಾಗ ಕೂಡುತ್ತದೆ?

ಹಿಂದಿನದು ಎರಡು ತಿಂಗಳ ಒಳಗೆ. ಮುಂದಿನದು ಹೆಚ್ಚಿನ ಮಕ್ಕಳಿಗೆ 12ರಿಂದ 18 ತಿಂಗಳಲ್ಲಿ, ಎರಡು ವರ್ಷ ಆಗುವಷ್ಟರಲ್ಲಿ ಬಹುತೇಕ ಎಲ್ಲರಿಗೂ. ನನ್ನ ಮಗಳದ್ದು 15ನೇ ತಿಂಗಳಲ್ಲಿ ಕೂಡಿತು, ನಾದಿನಿಯ ಮಗನದ್ದು 22ಕ್ಕೆ. ಇಬ್ಬರೂ ಚೆನ್ನಾಗಿದ್ದಾರೆ. ದಿನ ಎಣಿಸುವುದಕ್ಕಿಂತ ಲಸಿಕೆಯ ಲೆಕ್ಕ ಇಟ್ಟುಕೊಳ್ಳಿ, ನೆನಪಿರಲು ಸುಲಭ: ಆರನೇ ವಾರ, ಒಂಬತ್ತನೇ ತಿಂಗಳು, 16ರಿಂದ 24 ತಿಂಗಳ ನಡುವಿನ ಬೂಸ್ಟರ್. ಮೂರು ಸಲವೂ "ನೆತ್ತಿ ನೋಡಿ, ತಲೆ ಅಳತೆ ತೆಗೆದು ಬರೆಯಿರಿ" ಎಂದು ಬಾಯಿಬಿಟ್ಟು ಕೇಳಿ. ಬೇಗ ಕೂಡಿದರೂ ತಲೆಯ ಅಳತೆ ಸರಿಯಾಗಿ ಏರುತ್ತಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅಳತೆ ನಿಂತುಹೋದರೆ, ತಲೆಯ ಆಕಾರ ಒಂದು ಕಡೆಗೆ ಓರೆಯಾಗುತ್ತಿದ್ದರೆ, ಎಲುಬಿನ ಸಂದಿನಲ್ಲಿ ಏಣು ಎದ್ದಂತೆ ಸಿಕ್ಕಿದರೆ ಮಾತ್ರ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಎರಡು ವರ್ಷ ದಾಟಿಯೂ ತೆರೆದೇ ಇದ್ದರೆ ಪರೀಕ್ಷೆ ಬೇಕು. ಥೈರಾಯ್ಡ್ ಕಡಿಮೆ ಇರುವುದು, ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್, ತಲೆಯಲ್ಲಿ ನೀರು ತುಂಬುವುದು, ಡೌನ್ ಸಿಂಡ್ರೋಮ್, ಇವುಗಳಲ್ಲಿ ನೆತ್ತಿ ತಡವಾಗುತ್ತದೆ. ನಮ್ಮಲ್ಲಿ ಬಿಸಿಲಿಗೇನು ಕಡಿಮೆ ಎನ್ನಬಹುದು, ಆದರೆ ಬಾಣಂತಿ ಕೋಣೆಯ ಒಳಗೆ ಮಗುವಿಗೆ ಎಲ್ಲಿ ಬಿಸಿಲು? ಮೊದಲ ವರ್ಷ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ಕೊಡಲು ಮಕ್ಕಳ ಡಾಕ್ಟರುಗಳು ಹೇಳುವುದು ಇದಕ್ಕೇ.

ನೆತ್ತಿ ಗುಳಿ ಬಿದ್ದರೆ

ಏಪ್ರಿಲ್, ಮೇ ಸೆಖೆಯಲ್ಲಿ ಇದನ್ನು ಜಾಸ್ತಿ ಗಮನಿಸಿ. ನೆತ್ತಿ ಬಟ್ಟಲಿನಂತೆ ಒಳಗೆ ಇಳಿದಿದೆ, ಬಾಯಿ ಒಣಗಿದೆ, ಆರು ಗಂಟೆಯಿಂದ ಉಚ್ಚೆ ಹೋಗಿಲ್ಲ, ಮಗು ಮಂಕಾಗಿದೆ ಎಂದಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದೇ ಅರ್ಥ. ಭೇದಿ, ವಾಂತಿ ಇದ್ದರಂತೂ ಖಂಡಿತ. ಆಗ ನೆತ್ತಿಗೆ ಎಣ್ಣೆ ತುಂಬಿಸುತ್ತಾ ಕೂರಬೇಡಿ, ಹೊರಗಿನ ಎಣ್ಣೆಯಿಂದ ಒಳಗಿನ ನೀರು ತುಂಬುವುದಿಲ್ಲ. ಎದೆಹಾಲು ಮತ್ತೆ ಮತ್ತೆ ಕೊಡುತ್ತಾ ಆಸ್ಪತ್ರೆಗೆ ಹೊರಡಿ. ಆರು ತಿಂಗಳ ಒಳಗಿನ ಮಗುವಿಗೆ ಬರೀ ನೀರು ಕುಡಿಸಬೇಡಿ. ದೊಡ್ಡ ಮಗುವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ, ಒಂದು ಲೀಟರಿಗೆ ಎಂದು ಬರೆದಿರುವ ಇಡೀ ಓಆರ್‌ಎಸ್ ಪ್ಯಾಕೆಟ್ ಕರಗಿಸಿ ಚಮಚದಲ್ಲಿ ಕೊಡಿ. ಪ್ಯಾಕೆಟ್ ಆಶಾ ಕಾರ್ಯಕರ್ತೆಯರ ಬಳಿಯೂ ಸಿಗುತ್ತದೆ.

ಉಬ್ಬಿದರೆ ಇನ್ನೂ ಬೇಗ. ಅಳು ನಿಂತು, ನೆಟ್ಟಗೆ ಎತ್ತಿಕೊಂಡ ಮೇಲೂ ನೆತ್ತಿ ಬಿಗಿಯಾಗಿ ಉಬ್ಬಿಯೇ ಇದೆ, ಜೊತೆಗೆ ಜ್ವರ, ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಅಥವಾ ಮಗು ತೊಟ್ಟಿಲಿಂದ ಬಿದ್ದದ್ದಿದೆ, ಇದು ಮೆದುಳಿನ ಸುತ್ತ ಸೋಂಕೋ ಒತ್ತಡವೋ ಇರಬಹುದು. ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಮಂಗಳೂರಿನವರಿಗೆ ವೆನ್ಲಾಕ್ ಇದೆ, ಸರಕಾರಿ ಆಸ್ಪತ್ರೆ.

ಮೀಯಿಸುವಾಗ

ಎಣ್ಣೆ ಹಚ್ಚಿ, ಆದರೆ ತಟ್ಟುವುದು, ಗುದ್ದುವುದು ಬೇಡ. ಮೂಗಿಗೆ ಎಣ್ಣೆ ಬಿಡಲೇಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರುತ್ತದೆ. ನೀರು ಎತ್ತರದಿಂದ ನೆತ್ತಿಗೆ ಧಾರೆಯಾಗಿ ಹೊಯ್ಯುವುದು ಕೆಲವು ಮನೆಗಳಲ್ಲಿ ಇನ್ನೂ ಇದೆ. ಅದರ ಬದಲು ಅಂಗೈ ಅಡ್ಡ ಹಿಡಿದು, ನೀರನ್ನು ಮೊಣಕೈಯಲ್ಲಿ ಮುಟ್ಟಿ ನೋಡಿ, ಮೆಲ್ಲಗೆ ಹಾಕಿ. ಹೊಟ್ಟು ಕಟ್ಟಿದ್ದರೆ ರಾತ್ರಿ ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ತೊಳೆಯಿರಿ. ಉಗುರಿನಲ್ಲಿ ಕೆರೆಯಬೇಡಿ.

ಡಾಕ್ಟರ ಬಳಿ ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ಹಿಂದಿನ ತಲೆ ಅಳತೆ ಅದರಲ್ಲಿ ಬರೆದಿದ್ದರೆ ಅವರು ಇವತ್ತಿನದನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ.